ಐಸೊಲೇಷನ್ ಕೊಠಡಿಗಳ ಮೇಲ್ಮೈಗಳಲ್ಲಿ ವೈರಾಣು

ಸಾಂಕ್ರಾಮಿಕ ರೋಗ ತಗುಲಿದವರನ್ನು ಇತರ ರೋಗಿಗಳಿಂದ ಬೇರ್ಪಡಿಸಿ ಚಿಕಿತ್ಸೆ ನೀಡಲು ಆಸ್ಪತ್ರೆಗಳಲ್ಲಿ ಮೀಸಲಿಡುವ ಕೊಠಡಿಗೆ ಐಸೊಲೇಷನ್ ಕೊಠಡಿ ಎಂದು ಹೆಸರು. ರೋಗಿಯ ಉಸಿರು, ಕೆಮ್ಮು, ಸೀನು, ವಾಂತಿ, ಭೇದಿ, ರಕ್ತ ಹಾಗೂ ಹುಣ್ಣಿನ ಸ್ರಾವದ ಮೂಲಕ ಹೊರಬಿದ್ದ ವೈರಾಣುಗಳು ಆ ಕೊಠಡಿಯ ನೆಲ, ಮಂಚದ ಕಂಬಿ, ಬಾಗಿಲ ಹಿಡಿಕೆ, ಸ್ವಿಚ್ಚು, ಶೌಚಾಲಯದ ನಲ್ಲಿ ಮೊದಲಾದವುಗಳ ಮೇಲೆ ಮೆತ್ತಿಕೊಂಡು ಕೆಲಕಾಲ ಉಳಿಯುವುದನ್ನು ಮೇಲ್ಮೈ ಮಾಲಿನ್ಯ ಎನ್ನುತ್ತಾರೆ. ಹೀಗೆ ಸೋಂಕು ಮೆತ್ತಿದ ನಿರ್ಜೀವ ವಸ್ತುವನ್ನು ವೈದ್ಯಶಾಸ್ತ್ರವು ಫೋಮೈಟ್ ಎಂದು ಕರೆಯುತ್ತದೆ. ಮೇಲ್ಮೈಯಿಂದ ರೋಗ ಹರಡಬೇಕಾದರೆ ವೈರಾಣು ಅಲ್ಲಿ ಸೋಂಕು ಹಚ್ಚುವ ಸ್ಥಿತಿಯಲ್ಲೇ ಉಳಿದಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಕೈಗೆ ಅಂಟಬೇಕು, ಆ ಕೈ ತೊಳೆಯದೆಯೇ ಕಣ್ಣು, ಮೂಗು ಅಥವಾ ಬಾಯಿಯನ್ನು ಮುಟ್ಟಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹರಡುವಿಕೆ ಅಲ್ಲಿಗೆ ನಿಲ್ಲುತ್ತದೆ.

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಸೀಮೆಯಲ್ಲಿ ಈ ವಿಷಯ ಜನಸಾಮಾನ್ಯರ ಮಾತಿಗೆ ಬಂದದ್ದು 2020ರ ಕೋವಿಡ್ ಪಿಡುಗಿನಲ್ಲಿ. ಆಗ ಈ ನಾಲ್ಕೂ ಊರುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 2021ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡ ವಿಜಯನಗರ ಜಿಲ್ಲೆಗೆ ಹೊಸಪೇಟೆ ಮತ್ತು ಹಂಪಿ ಸೇರಿದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. 2020ರ ಮಾರ್ಚ್ ಕೊನೆಯಲ್ಲಿ ಹೊಸಪೇಟೆಯ ಒಂದೇ ಕುಟುಂಬದ ಮೂವರಲ್ಲಿ ಸೋಂಕು ದೃಢಪಟ್ಟು, ಅವರನ್ನು ಬಳ್ಳಾರಿಯ ಐಸೊಲೇಷನ್ ವಾರ್ಡಿಗೆ ಸಾಗಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ನೌಕರರಲ್ಲಿ ನೂರಾರು ಪ್ರಕರಣಗಳು ಕಾಣಿಸಿಕೊಂಡವು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರವೆದ್ದಾಗ, ಆಮ್ಲಜನಕವನ್ನು ದೂರ ಸಾಗಿಸುವ ಬದಲು ಅದು ತಯಾರಾಗುವ ಕಾರ್ಖಾನೆಯ ಸಮೀಪದಲ್ಲೇ, ತೋರಣಗಲ್ಲಿನಲ್ಲಿ, ಸಾವಿರ ಹಾಸಿಗೆಗಳ ಯೋಜನೆಯ ತಾತ್ಕಾಲಿಕ ಆಸ್ಪತ್ರೆ ಎದ್ದು ನಿಂತಿತು. ತಾಲ್ಲೂಕು ಆಸ್ಪತ್ರೆಯ ನಾಲ್ಕಾರು ಹಾಸಿಗೆಗಳ ವಾರ್ಡಿನಿಂದ ಹಿಡಿದು, 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡು ಮುಂದೆ ವಿಮ್ಸ್ ಎಂದು ಹೆಸರಾದ ಬಳ್ಳಾರಿಯ ದೊಡ್ಡಾಸ್ಪತ್ರೆಯವರೆಗೆ, ಒಂದೇ ರೋಗಕ್ಕೆ ಹಲವು ಬಗೆಯ ಐಸೊಲೇಷನ್ ವ್ಯವಸ್ಥೆಗಳು ಈ ಸೀಮೆಯಲ್ಲಿ ಏಕಕಾಲಕ್ಕೆ ನಡೆದವು. ಕಿಟಕಿ ತೆರೆದಿಟ್ಟ ಹಳೆಯ ವಾರ್ಡು, ಹವಾನಿಯಂತ್ರಿತ ತೀವ್ರ ನಿಗಾ ಘಟಕ, ತಾತ್ಕಾಲಿಕ ಆಸ್ಪತ್ರೆ ಇವುಗಳಲ್ಲಿ ಮೇಲ್ಮೈ ಮಾಲಿನ್ಯದ ಸ್ವರೂಪ ಒಂದೇ ಆಗಿರಲಾರದು ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನ ಸಂಗತಿಗಳನ್ನು ಓದಬೇಕು.

ಮೇಲ್ಮೈಗಳ ಪರೀಕ್ಷೆ

ಕೊಠಡಿಯ ಯಾವ ಜಾಗದಲ್ಲಿ ವೈರಾಣು ಇದೆಯೆಂದು ತಿಳಿಯಲು ಒದ್ದೆ ಮಾಡಿದ ಹತ್ತಿಯ ಅಥವಾ ನಾರಿನ ಕಡ್ಡಿಯಿಂದ ಆ ಜಾಗವನ್ನು ಉಜ್ಜಿ, ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗಂಟಲ ದ್ರವದ ಮಾದರಿಯನ್ನು ಪರೀಕ್ಷಿಸುವ ಆರ್‌ಟಿ-ಪಿಸಿಆರ್ ವಿಧಾನವೇ ಇಲ್ಲಿಯೂ ಬಳಕೆಯಾಗುತ್ತದೆ; ಅದು ವೈರಾಣುವಿನ ಆನುವಂಶಿಕ ವಸ್ತುವಿನ ತುಣುಕನ್ನು ಮತ್ತೆ ಮತ್ತೆ ದ್ವಿಗುಣಗೊಳಿಸಿ ಪತ್ತೆಹಚ್ಚುತ್ತದೆ. ಆ ತುಣುಕು ಜೀವಂತಿಕೆಯುಳ್ಳ ವೈರಾಣುವಿನದೋ, ಸೋಂಕುನಿವಾರಕಕ್ಕೆ ಸಿಕ್ಕಿ ಎಂದೋ ನಿಷ್ಕ್ರಿಯವಾದ ವೈರಾಣುವಿನದೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಮಾದರಿಯನ್ನು ಜೀವಕೋಶಗಳ ಜೊತೆ ಬೆಳೆಸಿ, ವೈರಾಣು ಕೋಶಗಳೊಳಗೆ ಹೊಕ್ಕು ವೃದ್ಧಿಯಾಗುತ್ತದೆಯೇ ಎಂದು ದಿನಗಟ್ಟಲೆ ಕಾಯಬೇಕು. ಇದಕ್ಕೆ ವಿಶೇಷ ಸುರಕ್ಷತೆಯ ಪ್ರಯೋಗಾಲಯ ಬೇಕಾಗುವುದರಿಂದ ಹೆಚ್ಚಿನ ಅಧ್ಯಯನಗಳು ಮೊದಲ ಪರೀಕ್ಷೆಯಲ್ಲೇ ನಿಂತಿವೆ. ಮೇಲ್ಮೈ ಮಾಲಿನ್ಯದ ಕುರಿತ ಗೊಂದಲಗಳಲ್ಲಿ ಬಹುಪಾಲು ಈ ಎರಡು ಪರೀಕ್ಷೆಗಳ ಫಲಿತಾಂಶವನ್ನು ಒಂದೇ ಎಂದು ಎಣಿಸಿದ್ದರಿಂದ ಹುಟ್ಟಿದವು.

ಕೋವಿಡ್‌ನಂತೆಯೇ ಕೊರೊನಾ ಗುಂಪಿನ ವೈರಾಣುವಿನಿಂದ ಬರುವ ಸಾರ್ಸ್ ರೋಗದ 2003ರ ಪಿಡುಗಿನಲ್ಲಿ ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ರೋಗಿಯ ಹಾಸಿಗೆಯ ಪಕ್ಕದ ಮೇಜು, ಟಿವಿಯ ರಿಮೋಟ್ ಮತ್ತು ದಾದಿಯರ ಕೊಠಡಿಯಲ್ಲಿ ಔಷಧಿ ಇಡುವ ಫ್ರಿಜ್ಜಿನ ಮೇಲೆ ವೈರಾಣುವಿನ ಅಂಶ ಸಿಕ್ಕಿತು. ಈ ಮೂರನೆಯದು ರೋಗಿಯ ಕೈಗೆ ಎಟುಕುವ ವಸ್ತುವೇ ಅಲ್ಲವಾದ್ದರಿಂದ, ಸಿಬ್ಬಂದಿಯ ಕೈಗವಸಿನ ಮೂಲಕ ಮಾಲಿನ್ಯ ಕೊಠಡಿಯಿಂದ ಹೊರಗೆ ಸಾಗಬಲ್ಲದು ಎಂಬ ಎಚ್ಚರ ಅದರಿಂದ ಹುಟ್ಟಿತು. 2020ರ ಆರಂಭದಲ್ಲಿ ಸಿಂಗಪುರದಲ್ಲಿ ಮೂವರು ಕೋವಿಡ್ ರೋಗಿಗಳ ಕೊಠಡಿಗಳನ್ನು ಪರೀಕ್ಷಿಸಿದಾಗ, ಶುಚಿಗೊಳಿಸುವ ಮುನ್ನವೇ ಮಾದರಿ ತೆಗೆದ ಕೊಠಡಿಯಲ್ಲಿ 15 ಜಾಗಗಳ ಪೈಕಿ 13ರಲ್ಲಿ, ಅದರ ಶೌಚಾಲಯದ 5 ಜಾಗಗಳ ಪೈಕಿ 3ರಲ್ಲಿ ವೈರಾಣುವಿನ ಅಂಶ ಕಂಡಿತು. ಗಾಳಿ ಹೊರಹೋಗುವ ಫ್ಯಾನಿನ ರೆಕ್ಕೆಯ ಮೇಲೂ ಅದು ಇತ್ತು. ಕ್ಲೋರಿನ್ ದ್ರಾವಣದಿಂದ ಒರೆಸಿದ ನಂತರ ಮಾದರಿ ತೆಗೆದ ಕೊಠಡಿಗಳಲ್ಲಿ ಮಾತ್ರ ಒಂದು ಜಾಗದಲ್ಲೂ ಅದು ಸಿಗಲಿಲ್ಲ. ದಿನವೂ ಸಿಗುವ ಅಗ್ಗದ ರಾಸಾಯನಿಕ, ಒಂದು ಬಟ್ಟೆ ಮತ್ತು ಮನಸ್ಸಿಟ್ಟು ಒರೆಸುವ ಒಂದು ಜೊತೆ ಕೈ ಇಷ್ಟರಿಂದಲೇ ಕೊಠಡಿಯನ್ನು ನಿರ್ಮಲಗೊಳಿಸಬಹುದು ಎಂದು ತೋರಿಸಿದ ಈ ಚಿಕ್ಕ ಅಧ್ಯಯನ, ದೊಡ್ಡ ಯಂತ್ರಗಳನ್ನು ಕೊಳ್ಳಲಾರದ ತಾಲ್ಲೂಕು ಆಸ್ಪತ್ರೆಗಳ ಪಾಲಿಗೆ ಅತ್ಯಂತ ಮುಖ್ಯವಾದದ್ದು.

ಸಿಂಗಪುರದಲ್ಲೇ ಮುಂದೆ 30 ಕೊಠಡಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಠಡಿಗಳಲ್ಲಿ ಕನಿಷ್ಠ ಒಂದು ಜಾಗವಾದರೂ ಮಲಿನವಾಗಿತ್ತು. ಎಲ್ಲಕ್ಕಿಂತ ಹೆಚ್ಚು ಮಲಿನವಾಗಿದ್ದುದು ನೆಲ, ಮಂಚದ ಕಂಬಿಯೂ ಬಹಳ ಮಲಿನವಾಗಿತ್ತು. ರೋಗದ ಮೊದಲ ವಾರದಲ್ಲಿದ್ದವರ ಕೊಠಡಿಗಳಲ್ಲಿ ಮಾಲಿನ್ಯ ಹೆಚ್ಚಾಗಿತ್ತು. ಚೀನಾದ ವುಹಾನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡಿದ ಸಿಬ್ಬಂದಿಯ ಪಾದರಕ್ಷೆಯ ಅಡಿಯಿಂದ ತೆಗೆದ ಮಾದರಿಗಳಲ್ಲಿ ಅರ್ಧದಷ್ಟರಲ್ಲಿ ವೈರಾಣುವಿನ ಅಂಶವಿತ್ತು. ಈ ಫಲಿತಾಂಶಗಳು ಪ್ರಕಟವಾದಾಗ ಜಗತ್ತೆಲ್ಲ ಬೆಚ್ಚಿದ್ದು ಸಹಜ. ಆದರೆ ಲಂಡನ್ನಿನ ಆಸ್ಪತ್ರೆಗಳಲ್ಲಿ 218 ಮೇಲ್ಮೈಗಳಿಂದ ಮಾದರಿ ತೆಗೆದ ಅಧ್ಯಯನದಲ್ಲಿ 114ರಲ್ಲಿ ಆನುವಂಶಿಕ ವಸ್ತು ಸಿಕ್ಕಿಯೂ, ಒಂದೇ ಒಂದು ಮಾದರಿಯಿಂದಲೂ ಜೀವಂತಿಕೆಯುಳ್ಳ ವೈರಾಣುವನ್ನು ಬೆಳೆಸಲಾಗಲಿಲ್ಲ. ಕೋವಿಡ್ ಹರಡಿದ್ದ ಡೈಮಂಡ್ ಪ್ರಿನ್ಸೆಸ್ ಪ್ರವಾಸಿ ಹಡಗಿನಲ್ಲಿ ಪ್ರಯಾಣಿಕರು ತೆರವು ಮಾಡಿದ ಮೇಲೆ 17 ದಿನಗಳವರೆಗೂ ಸೋಂಕುನಿವಾರಣೆ ಮಾಡದ ಕೋಣೆಗಳಲ್ಲಿ ವೈರಾಣುವಿನ ಅಂಶ ಸಿಕ್ಕಿತೆಂಬ ವರದಿಯನ್ನು ಕೂಡ ಇದೇ ಬೆಳಕಿನಲ್ಲಿ ನೋಡಬೇಕು. ವೈರಾಣು ಅಷ್ಟು ದಿನ ಸೋಂಕು ಹಚ್ಚುವ ಸ್ಥಿತಿಯಲ್ಲಿತ್ತೆಂದು ಆ ವರದಿ ಹೇಳಿರಲಿಲ್ಲ.

ಬಿಸಿಲು, ಸೆಕೆ ಮತ್ತು ವೈರಾಣುವಿನ ಆಯುಸ್ಸು

ಕೊರೊನಾ ವೈರಾಣುವಿನ ಹೊರಗೆ ಕೊಬ್ಬಿನಂಶದ ಹೊದಿಕೆಯೊಂದಿದೆ. ಸೋಪು, ಆಲ್ಕೋಹಾಲ್, ಶಾಖ ಇವು ಆ ಹೊದಿಕೆಯನ್ನು ಸುಲಭವಾಗಿ ಕೆಡಿಸುತ್ತವೆ. ಹೊದಿಕೆ ಕೆಟ್ಟ ವೈರಾಣು ಸೋಂಕು ಹಚ್ಚಲಾರದು. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆದಂತೆ, ಅದು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆ, ಸ್ಟೀಲಿನ ಮೇಲೆ ಎರಡರಿಂದ ಮೂರು ದಿನ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆ ಪತ್ತೆಯಾಗುವಷ್ಟು ಉಳಿದಿತ್ತು. ಈ ಅಂಕಿಗಳನ್ನು ಕೇಳಿ, ಮೂರು ದಿನವೂ ಅಪಾಯ ಒಂದೇ ಮಟ್ಟದಲ್ಲಿರುತ್ತದೆ ಎಂದು ಅನೇಕರು ತಿಳಿದರು. ವಾಸ್ತವದಲ್ಲಿ ಸ್ಟೀಲಿನ ಮೇಲೆ ಅದರ ಅರ್ಧಾಯುಷ್ಯ, ಎಂದರೆ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 5.6 ಗಂಟೆ, ಒಂದು ದಿನ ಕಳೆಯುವಷ್ಟರಲ್ಲಿ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಮಾತ್ರ ಉಳಿದಿರುತ್ತದೆ. ಅಲ್ಲದೆ ಇಂತಹ ಪ್ರಯೋಗಗಳಲ್ಲಿ ಹಚ್ಚುವ ವೈರಾಣುವಿನ ಪ್ರಮಾಣ ರೋಗಿಯೊಬ್ಬ ಕೆಮ್ಮಿದಾಗ ಬೀಳುವುದಕ್ಕಿಂತ ಬಹಳ ಹೆಚ್ಚೆಂದು ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ 2020ರ ಜುಲೈನಲ್ಲೇ ಆಕ್ಷೇಪಿಸಿದ್ದರು.

ತುಂಗಭದ್ರೆಯ ಈ ಸೀಮೆಗೆ ನೇರವಾಗಿ ಅನ್ವಯಿಸುವುದು ಉಷ್ಣತೆಯ ಪ್ರಯೋಗಗಳು. ಆಸ್ಟ್ರೇಲಿಯದಲ್ಲಿ ಕತ್ತಲೆಯ ಕೋಣೆಯಲ್ಲಿ ನಡೆಸಿದ ಪ್ರಯೋಗದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು, ಸ್ಟೀಲು ಮತ್ತು ನೋಟುಗಳ ಮೇಲೆ 28 ದಿನಗಳವರೆಗೂ ಸಿಕ್ಕ ವೈರಾಣು, 40 ಡಿಗ್ರಿಯಲ್ಲಿ ಒಂದೆರಡು ದಿನಗಳಲ್ಲೇ ಇಲ್ಲವಾಯಿತು. ಬಿಸಿಲಿನ ಪರಿಣಾಮ ಇನ್ನೂ ತೀವ್ರವಾದದ್ದು: ಬೇಸಿಗೆಯ ನಡುಹಗಲಿನ ಬಿಸಿಲಿಗೆ ಸಮನಾದ ಕೃತಕ ಬೆಳಕಿನಲ್ಲಿ, ಲಾಲಾರಸವನ್ನು ಹೋಲುವ ದ್ರವದಲ್ಲಿದ್ದ ವೈರಾಣುವಿನ ಹತ್ತರಲ್ಲಿ ಒಂಬತ್ತು ಭಾಗ ಪ್ರತಿ ಏಳು ನಿಮಿಷದೊಳಗೆ ನಿಷ್ಕ್ರಿಯವಾಯಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಹೊಸಪೇಟೆಗಳ ಬಿಸಿಲಿನಲ್ಲಿ, ಆಸ್ಪತ್ರೆಯ ಅಂಗಳದ ಹಗ್ಗದ ಮೇಲೆ ಒಣಗುವ ಬಟ್ಟೆಯಾಗಲಿ, ಹಂಪಿಯ ಬಯಲಿನಲ್ಲಿ ಕಾದ ಕಲ್ಲಾಗಲಿ ಈ ವೈರಾಣುವಿಗೆ ನೆಲೆಯಾಗಿ ಉಳಿಯುವುದು ಅಸಾಧ್ಯಕ್ಕೆ ಹತ್ತಿರ. ಆದರೆ ಇದರಿಂದ, ನಮ್ಮದು ಬಿಸಿಲುನಾಡು, ಇಲ್ಲಿ ರೋಗ ಹರಡದು ಎಂಬ ಆಗಿನ ನಂಬಿಕೆ ಸರಿಯಾಗುವುದಿಲ್ಲ. ತೀವ್ರ ನಿಗಾ ಘಟಕದ ಒಳಗೆ ಬಿಸಿಲು ಹೊಗುವುದಿಲ್ಲ, ಹವಾನಿಯಂತ್ರಣ ಯಂತ್ರ ಅಲ್ಲಿನ ಉಷ್ಣತೆಯನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿರುತ್ತದೆ. ವೈರಾಣುವಿನ ಮಟ್ಟಿಗೆ ಆ ಕೋಣೆ ಮೇ ತಿಂಗಳಲ್ಲೂ ತಂಪು ದೇಶದ ಕೋಣೆಯೇ. ಎರಡನೆಯ ಅಲೆ ಇಲ್ಲಿ ಉತ್ತುಂಗಕ್ಕೇರಿದ್ದು ಕಡುಬೇಸಿಗೆಯಲ್ಲೇ ಎಂಬುದನ್ನು ಮರೆಯಲಾಗದು.

ಶುಚಿತ್ವದ ಕೆಲಸ

ಕೊರೊನಾ ವೈರಾಣುಗಳನ್ನು 0.1 ಶೇಕಡ ಸೋಡಿಯಂ ಹೈಪೋಕ್ಲೋರೈಟ್ ಒಂದು ನಿಮಿಷದಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಭಾರತದ ಆರೋಗ್ಯ ಸಚಿವಾಲಯ ಆಸ್ಪತ್ರೆಯ ಮೇಲ್ಮೈಗಳಿಗೆ ಸೂಚಿಸಿದ್ದು ಅದರ ಹತ್ತು ಪಟ್ಟು, ಅಂದರೆ 1 ಶೇಕಡ. ಲೋಹದ ಸಲಕರಣೆಗಳು ಕ್ಲೋರಿನ್ನಿನಿಂದ ತುಕ್ಕು ಹಿಡಿಯುವುದರಿಂದ ಅವುಗಳಿಗೆ 70 ಶೇಕಡ ಆಲ್ಕೋಹಾಲ್ ಬಳಸಬೇಕು. ಈ ಸೀಮೆಯ ಆಸ್ಪತ್ರೆಗಳಲ್ಲಿ 'ಹೈಪೋ' ಎಂದು ಕರೆಯುವ 5 ಶೇಕಡದ ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ 1 ಶೇಕಡ ಆಗುತ್ತದೆ. ಬ್ಲೀಚಿಂಗ್ ಪುಡಿಯಾದರೆ, ಅದರಲ್ಲಿ 33 ಶೇಕಡ ಕ್ಲೋರಿನ್ ಇದ್ದಾಗ ಲೀಟರ್ ನೀರಿಗೆ 30 ಗ್ರಾಂ ಸಾಕು.

ಕಾಗದದ ಮೇಲೆ ಸರಳವಾಗಿರುವ ಈ ಲೆಕ್ಕ ತಗಡಿನ ಮಾಡಿನ ಉಗ್ರಾಣದಲ್ಲಿ ತಪ್ಪುತ್ತದೆ. ಬ್ಲೀಚಿಂಗ್ ಪುಡಿಯಲ್ಲಿನ ಕ್ಲೋರಿನ್ ಶಾಖಕ್ಕೂ ತೇವಕ್ಕೂ ಹಾರಿಹೋಗುವಂಥದ್ದು. ಬೇಸಿಗೆಯಲ್ಲಿ ಬಾಯಿ ಬಿಚ್ಚಿದ ಚೀಲದಲ್ಲಿಟ್ಟ ಪುಡಿಯ ಸತ್ವ 20 ಶೇಕಡಕ್ಕಿಳಿದಿದ್ದರೆ, ಅದೇ 30 ಗ್ರಾಂ ಕೊಡುವುದು 0.6 ಶೇಕಡ ದ್ರಾವಣವನ್ನು ಮಾತ್ರ. ಬಣ್ಣವೂ ವಾಸನೆಯೂ ಮೊದಲಿನಂತೆಯೇ ಇರುವುದರಿಂದ ಬೆರೆಸುವವರಿಗೆ ಇದು ತಿಳಿಯುವುದಿಲ್ಲ. ಬೆಳಿಗ್ಗೆ ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಉಳಿಸಬಾರದು, ಪುಡಿಯನ್ನು ತಂಪಾದ ಕತ್ತಲೆಯ ಜಾಗದಲ್ಲಿ ಮುಚ್ಚಿಡಬೇಕು ಎಂಬ ನಿಯಮಗಳು ಬಿಸಿಲುನಾಡಿನ ಆಸ್ಪತ್ರೆಗಳಿಗೆ ಎರಡು ಪಟ್ಟು ಮುಖ್ಯವಾದವು. ಶೌಚಾಲಯ ತೊಳೆಯುವ ಆಸಿಡ್ ಜೊತೆ ಹೈಪೋ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ ಎಂಬುದನ್ನು ಪ್ರತಿ ಶುಚಿತ್ವ ಸಿಬ್ಬಂದಿಗೂ ಬಾಯಿಮಾತಿನಲ್ಲಿ, ಅವರ ಭಾಷೆಯಲ್ಲಿ ಹೇಳಿಕೊಡಬೇಕಾದದ್ದು ಆಡಳಿತದ ಹೊಣೆ.

ಇನ್ನೊಂದು ತೊಡಕು ಧೂಳು. ಕಬ್ಬಿಣದ ಅದಿರಿನ ಗಣಿಗಳ ನಡುವಿನ ಸಂಡೂರಿನಲ್ಲಿ, ಅದಿರು ಲಾರಿಗಳು ಓಡಾಡುವ ಹೊಸಪೇಟೆಯ ದಾರಿಗಳಲ್ಲಿ, ಕೆಂಧೂಳು ಕಿಟಕಿಯ ಮೂಲಕ ಒಳಬಂದು ಮಂಚ ಮೇಜುಗಳ ಮೇಲೆ ಕೂರುತ್ತದೆ. ಕೊಳೆಯ ಪದರದ ಮೇಲೆ ಸೋಂಕುನಿವಾರಕ ಹಚ್ಚಿದರೆ ಅದು ಅಡಿಯ ಮೇಲ್ಮೈಯನ್ನು ಸರಿಯಾಗಿ ಮುಟ್ಟುವುದಿಲ್ಲ. ಕಫ, ರಕ್ತದಂತಹ ಜೈವಿಕ ಕೊಳೆಯಾದರೆ ಕ್ಲೋರಿನ್ನಿನ ಸತ್ವವನ್ನೇ ಹೀರುತ್ತದೆ. ಆದ್ದರಿಂದ ಮೊದಲು ಸೋಪಿನ ನೀರಿನಿಂದ ಒರೆಸಿ, ಆಮೇಲೆ ಹೈಪೋ ಹಚ್ಚಿ, ಅದು ಕೆಲಸ ಮಾಡಲು ಬೇಕಾದಷ್ಟು ಹೊತ್ತು ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಕಡುಬೇಸಿಗೆಯ ಒಣಗಾಳಿಯಲ್ಲಿ ಒರೆಸಿದ ನೆಲ ಕ್ಷಣಗಳಲ್ಲಿ ಆರುವುದರಿಂದ ಎರಡು ಸಲ ಒರೆಸುವುದು ಅನಿವಾರ್ಯವಾಗುತ್ತದೆ. ಕಸಬರಿಗೆಯಿಂದ ಒಣಗುಡಿಸುವುದು ಐಸೊಲೇಷನ್ ಕೊಠಡಿಯಲ್ಲಿ ನಿಷಿದ್ಧ, ಏಕೆಂದರೆ ನೆಲಕ್ಕಿಳಿದದ್ದನ್ನು ಅದು ಮತ್ತೆ ಗಾಳಿಗೆ ಎಬ್ಬಿಸುತ್ತದೆ. ಕೊಠಡಿಯ ಕಡಿಮೆ ಮಲಿನವಾದ ಭಾಗದಿಂದ ಹೆಚ್ಚು ಮಲಿನವಾದ ಭಾಗದ ಕಡೆಗೆ, ಮೇಲಿನಿಂದ ಕೆಳಕ್ಕೆ ಒರೆಸುತ್ತಾ ಬಂದು ಶೌಚಾಲಯವನ್ನು ಕೊನೆಗೆ ತೊಳೆಯುವುದು ಸರಿಯಾದ ಕ್ರಮ.

ಈ ಕೆಲಸವನ್ನು ಮಾಡುವವರು ಗ್ರೂಪ್ ಡಿ ನೌಕರರು ಮತ್ತು ಗುತ್ತಿಗೆಯ ಶುಚಿತ್ವ ಸಿಬ್ಬಂದಿ, ಅವರಲ್ಲಿ ಅನೇಕರು ಮಹಿಳೆಯರು. ನಲವತ್ತು ಡಿಗ್ರಿ ಸೆಕೆಯಲ್ಲಿ ಗಾಳಿಯಾಡದ ಪಿಪಿಇ ಕಿಟ್ ತೊಟ್ಟು, ಕ್ಲೋರಿನ್ನಿನ ಘಾಟಿನ ನಡುವೆ, ನೀರು ಕುಡಿಯಲೂ ಆಗದೆ ಗಂಟೆಗಟ್ಟಲೆ ದುಡಿದ ಅವರ ಶ್ರಮದ ಮೇಲೆಯೇ ಇಡೀ ವ್ಯವಸ್ಥೆ ನಿಂತಿತ್ತು. ವೈರಾಣು ಹೆಚ್ಚಾಗಿ ಮೆತ್ತಿರುವ ಕಿಟ್ಟನ್ನು ಕಳಚುವ ಗಳಿಗೆಯೇ ಅತಿ ಅಪಾಯದ ಗಳಿಗೆ. ಬಳಲಿದ ದೇಹ ತಪ್ಪು ಮಾಡುವುದೂ ಆಗಲೇ. ಶುಚಿತ್ವ ಸಿಬ್ಬಂದಿಯ ತರಬೇತಿ, ಪಾಳಿಯ ಅವಧಿ ಮತ್ತು ವೇತನವನ್ನು ಸೋಂಕು ನಿಯಂತ್ರಣದ ತಾಂತ್ರಿಕ ಅಂಗವೆಂದೇ ಪರಿಗಣಿಸಬೇಕು.

ಭಯದ ದಿಕ್ಕು

ಆಸ್ಪತ್ರೆಯ ಒಳಗೆ ಬೇಕಾಗಿದ್ದ ಎಚ್ಚರ 2020ರಲ್ಲಿ ಭಯವಾಗಿ ಬೀದಿಗೆ ಹರಿಯಿತು. ಕಚೇರಿಗಳಲ್ಲಿ ಬೆರಳಚ್ಚಿನ ಹಾಜರಿ ನಿಂತಿತು, ಊರೂರುಗಳಲ್ಲಿ ರಸ್ತೆಗಳಿಗೆ ಹೈಪೋ ಸಿಂಪಡಿಸಲಾಯಿತು, ಜನರ ಮೈಮೇಲೆಯೇ ದ್ರಾವಣ ಎರಚುವ ಸುರಂಗಗಳು ಎದ್ದವು. ಮನುಷ್ಯರ ಮೇಲೆ ಸಿಂಪಡಿಸುವುದು ಹಾನಿಕರವೆಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದೇ ತಿಳಿಸಿತು. ಬೀದಿಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಹೇಳಿತು. ಧೂಳಿನಲ್ಲಿ ಕ್ಲೋರಿನ್ ಸತ್ವಹೀನವಾಗುತ್ತದೆ. ಹಂಪಿಯಂತಹ ನೆಲೆಯಲ್ಲಾದರೆ ದ್ರಾವಣ ಒಣಗಿದಾಗ ಉಳಿಯುವ ಉಪ್ಪು ಹಳೆಯ ಕಲ್ಲುಕೆತ್ತನೆಗೆ ಕೇಡು. ಇದೇ ಭಯದ ಅತ್ಯಂತ ನೋವಿನ ರೂಪ ಮೃತದೇಹಗಳ ವಿಷಯದಲ್ಲಿ ಕಂಡಿತು. 2020ರ ಜೂನ್ ಕೊನೆಯಲ್ಲಿ, ಬಳ್ಳಾರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ದೇಹಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯ ಬಹಿರಂಗವಾಗಿ, ಜಿಲ್ಲಾಡಳಿತ ಕ್ಷಮೆ ಕೋರಬೇಕಾಯಿತು. ಸೋರದ ಚೀಲದಲ್ಲಿಟ್ಟು, ಚೀಲದ ಹೊರಮೈಯನ್ನು 1 ಶೇಕಡ ಹೈಪೋದಿಂದ ಒರೆಸಿದ ದೇಹವನ್ನು ಗೌರವದಿಂದ ಹೂಳಲು ಯಾವ ವೈಜ್ಞಾನಿಕ ಅಡ್ಡಿಯೂ ಇರಲಿಲ್ಲ. ಸರ್ಕಾರದ ಮಾರ್ಗಸೂಚಿ ಅದಕ್ಕೆ ಮೂರು ತಿಂಗಳು ಮೊದಲೇ ಬಂದಿತ್ತು.

2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಮಲಿನ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗುಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಪ್ರಕಟಿಸಿತು. ರೋಗ ಹರಡುವ ಮುಖ್ಯ ಮಾರ್ಗ ಗಾಳಿ ಎಂಬುದು ಆ ವೇಳೆಗೆ ಖಚಿತವಾಗಿತ್ತು. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೊಠಡಿಯಲ್ಲಿ ತೇಲುವ ಕಣಗಳಲ್ಲಿ 99 ಶೇಕಡ ಹೊರಹೋಗಲು 23 ನಿಮಿಷ ಸಾಕು. ಗಂಟೆಗೆ ಎರಡೇ ಬಾರಿ ಬದಲಾದರೆ ಎರಡು ಗಂಟೆಗೂ ಮಿಕ್ಕಿ ಬೇಕು. ಒಳಗಿನ ಗಾಳಿ ಪಡಸಾಲೆಗೆ ಹೋಗದಂತೆ ಯಂತ್ರದಿಂದ ಹೊರಕ್ಕೆ ಸೆಳೆಯುವ ಋಣ ಒತ್ತಡದ ಕೊಠಡಿ ಕಂಪ್ಲಿಯಂತಹ ಊರಿನ ಸರ್ಕಾರಿ ಆಸ್ಪತ್ರೆಗೆ ದುಬಾರಿ. ಆದರೆ ಎದುರುಬದುರು ಕಿಟಕಿಗಳಿರುವ ಎತ್ತರದ ಮಾಡಿನ ಹಳೆಯ ವಾರ್ಡಿನಲ್ಲಿ ಗಾಳಿ ಸಹಜವಾಗಿಯೇ ಆಡುತ್ತದೆ, ಮತ್ತು ಸಹಜ ಗಾಳಿಯಾಡುವಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2009ರಿಂದಲೇ ಒಪ್ಪಿದೆ. ಧೂಳಿನ ಭಯಕ್ಕೆ ಕಿಟಕಿ ಮುಚ್ಚುವುದಕ್ಕಿಂತ, ಕಿಟಕಿ ತೆರೆದು ಹೆಚ್ಚು ಸಲ ಒರೆಸುವುದು ಮೇಲು.

ಇತರ ವೈರಾಣುಗಳು

ಕೋವಿಡ್‌ನಿಂದ ಕಲಿತದ್ದನ್ನು ಎಲ್ಲ ರೋಗಗಳಿಗೂ ಅನ್ವಯಿಸಿ, ಮೇಲ್ಮೈಗಳ ಗೊಡವೆಯೇ ಬೇಡವೆನ್ನುವುದು ಅಪಾಯಕಾರಿ. ಮಕ್ಕಳ ವಾರ್ಡಿನ ವಾಂತಿಭೇದಿಗೆ ಕಾರಣವಾಗುವ ರೋಟಾ ಮತ್ತು ನೋರೊ ವೈರಾಣುಗಳಿಗೆ ಕೊಬ್ಬಿನ ಹೊದಿಕೆಯಿಲ್ಲ. ಅವು ಮೇಲ್ಮೈಗಳ ಮೇಲೆ ಗಟ್ಟಿಯಾಗಿ ಉಳಿಯುತ್ತವೆ, ನೋರೊ ವೈರಾಣುವಂತೂ ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗದು, ಕೈಯನ್ನು ಸೋಪು ನೀರಿನಿಂದಲೇ ತೊಳೆಯಬೇಕು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಸೋಂಕು ಹಚ್ಚಬಲ್ಲದು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಮಾರಕ ನಿಪಾ ವೈರಾಣು ಹರಡಿದಾಗ 66 ರೋಗಿಗಳಲ್ಲಿ ಮುಕ್ಕಾಲು ಪಾಲಿನವರಿಗೆ ಅದು ತಗುಲಿದ್ದು ಆಸ್ಪತ್ರೆಗಳಲ್ಲಿ. ಬಾಂಗ್ಲಾದೇಶದ ಆಸ್ಪತ್ರೆಯೊಂದರಲ್ಲಿ ನಿಪಾ ರೋಗಿಯ ಮಂಚದ ಚೌಕಟ್ಟು ಮತ್ತು ಗೋಡೆಯ ಮೇಲೆ ಆ ವೈರಾಣುವಿನ ಅಂಶ ಸಿಕ್ಕಿದೆ. ನೆರೆಯ ಕೇರಳದಲ್ಲಿ 2018ರಿಂದ ನಿಪಾ ಮರುಕಳಿಸುತ್ತಿರುವುದರಿಂದ ಕರ್ನಾಟಕದ ಆಸ್ಪತ್ರೆಗಳಿಗೆ ಇದು ದೂರದ ಸುದ್ದಿಯಲ್ಲ.

ಮೇಲ್ಮೈ ಮಾಲಿನ್ಯದ ದೃಷ್ಟಿಯಿಂದ, ಮೈಮೇಲೆ ಹುಣ್ಣೇಳುವ ಎಂಪಾಕ್ಸ್ (ಮಂಕಿಪಾಕ್ಸ್) ಇನ್ನೂ ಭಿನ್ನ. 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಎಂಪಾಕ್ಸ್ ರೋಗಿಗಳ ಕೊಠಡಿಗಳನ್ನು ಪರೀಕ್ಷಿಸಿದಾಗ, ಹೆಚ್ಚು ಪ್ರಮಾಣದ ಮಾಲಿನ್ಯವಿದ್ದ ಮಾದರಿಗಳಿಂದ ವೈರಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾಯಿತು. ಲಂಡನ್ನಿನ ಕೋವಿಡ್ ಕೊಠಡಿಗಳಲ್ಲಿ ಆಗದಿದ್ದದ್ದು ಇಲ್ಲಿ ಆಯಿತು. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದ ಪ್ರಯಾಣಿಕರೊಬ್ಬರಲ್ಲಿ ಎಂಪಾಕ್ಸ್ ದೃಢಪಟ್ಟಿತ್ತು. ಒಣಗಿ ಉದುರುವ ಹುಣ್ಣಿನ ಹಕ್ಕಳೆಯಲ್ಲೇ ವೈರಾಣು ಇರುವುದರಿಂದ, ಇಂತಹ ರೋಗಿಯ ಕೊಠಡಿಯಲ್ಲಿ ಫ್ಯಾನಿನ ಕೆಳಗೆ ಹಾಸಿಗೆ ಕೊಡವಬಾರದು. ಹೊದಿಕೆ ಮತ್ತು ಬಟ್ಟೆಗಳನ್ನು ಮೆಲ್ಲಗೆ ಒಳಮುಖವಾಗಿ ಸುತ್ತಿ, ಹಾಸಿಗೆಯ ಪಕ್ಕದಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಬಿಸಿನೀರು ಮತ್ತು ಸೋಪಿನಲ್ಲಿ ಬೇರೆಯಾಗಿ ಒಗೆದು, ಬಿಸಿಲಿಗೆ ಹರವಬೇಕು.